ಹಳದಿ ಗೆರೆಯ ಶಿರಸ್ತ್ರಾಣ

ಪೊಟ್ಟಣ ಬಿಚ್ಚಿದಾಗ ನನ್ನ ತಂಗಿ ನಕ್ಕಳೋ ಅತ್ತಳೋ, ಖಚಿತವಾಗಿ ಹೇಳಲಾರೆ. ನಾನು ಅಲ್ಲೇ ಇದ್ದೆ. ಚನ್ನಪಟ್ಟಣದಿಂದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ತಂದವನೂ ನಾನೇ. ಆದರೂ ಗೊತ್ತಿಲ್ಲ. ನನ್ನ ನೆನಪಿನಲ್ಲಿ ಅವಳು ಜೋರಾಗಿ ನಗುತ್ತಾಳೆ; ನಕ್ಕು ನಕ್ಕು ಕೆಮ್ಮು ಹತ್ತಿ ಗೋಡೆ ಹಿಡಿದುಕೊಳ್ಳುತ್ತಾಳೆ. ಅವ್ವನ ನೆನಪಿನಲ್ಲಿ ಅವಳು ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತಳು, ಆಮೇಲೆ ಊಟಕ್ಕೂ ಏಳಲಿಲ್ಲ.

"ನೀನೆಲ್ಲಿದ್ದೆ ಅಲ್ಲಿ? ಕತ್ತರಿ ತತ್ತೀನಿ ಅಂತ ಒಳಕ್ಕೋಗಿದ್ದೆ," ಅನ್ನುತ್ತಾಳೆ ಅವ್ವ.

ಹೋಗಿದ್ದೆನೇ? ದಾರ ಗಂಟು ಬಿದ್ದಿತ್ತು ಅನ್ನುವುದು ನೆನಪಿದೆ. ಅದನ್ನು ಹಲ್ಲಿನಲ್ಲಿ ಬಿಡಿಸಿದ್ದು ನಾನೇ ಅಂತಲೂ ನೆನಪಿದೆ. ಕತ್ತರಿ ನೆನಪಿಲ್ಲ.

ನಾನು ಮೈಸೂರಿನಲ್ಲಿ ಮನಃಶಾಸ್ತ್ರ ಓದಿದವನು. ಈಗ ರಾಮನಗರದಿಂದ ಕನಕಪುರಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಅಲ್ಲಿನ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ. ನೆನಪು ಅನ್ನುವುದು ಟ್ರಂಕಿನಲ್ಲಿಟ್ಟ ಸೀರೆಯಲ್ಲ, ತೆಗೆದಾಗೆಲ್ಲ ಹೊಸದಾಗಿ ನೇಯಬೇಕಾದದ್ದು ಎಂದು ಪ್ರತಿ ವರ್ಷ ಹುಡುಗರಿಗೆ ಹೇಳುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ಸ್ವಂತ ಮನೆಯ ವಿಷಯಕ್ಕೆ ಬಂದಾಗ ಮಾತ್ರ ಆ ಪಾಠ ನನಗೆ ಏನೂ ಸಹಾಯ ಮಾಡಲಿಲ್ಲ. ಅನುಮಾನ ಪಡುವುದನ್ನು ಕಲಿಸಿತು, ಅಷ್ಟೇ. ಅದಕ್ಕೇ ಏನು ಕಾಣಿಸಿತೋ, ಏನು ಕೇಳಿಸಿತೋ ಅದನ್ನು ಬರೆಯುತ್ತೇನೆ. ಅನುಮಾನ ಇರುವ ಕಡೆ ಅನುಮಾನ ಎಂದೇ ಬರೆಯುತ್ತೇನೆ.

ತಂಗಿ ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಮೇಡಂ ಆಗಿದ್ದಳು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾವು ಮೂರೇ ಜನ. ಅವಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಬೆಂಗಳೂರಿನ ಆಸ್ಪತ್ರೆಗೆ ಓಡಾಟ ಶುರುವಾಯಿತು. ಕೂದಲು ಉದುರಿತು, ಹುಬ್ಬೂ ಉದುರಿತು. ಶಾಲೆ ಬಿಟ್ಟಳು. ಬೀದಿಗೆ ಇಳಿದರೆ ಸಾಕು, ಎದುರುಮನೆಯ ಅಕ್ಕ ಗೇಟಿಗೆ ಬಂದು ನಿಂತು, "ಅಯ್ಯೋ ಪಾಪ, ಎಂಥಾ ಮಗ ಹೆಂಗಾಗೋಯ್ತು," ಅನ್ನುವಳು. ಆಕೆ ಕೆಟ್ಟವಳಲ್ಲ. ವಾರಕ್ಕೊಮ್ಮೆ ಮುದ್ದೆ, ಬಸ್ಸಾರು ಕಳಿಸುತ್ತಿದ್ದಳು. ಆದರೆ ಆ ಎರಡು ಪದ ಕೇಳಿದ ದಿನ ತಂಗಿ ಮತ್ತೆ ಹೊಸ್ತಿಲು ದಾಟುತ್ತಿರಲಿಲ್ಲ. ತರಕಾರಿ ಗಾಡಿಯವನು, ಹಾಲಿನವನು, ಶಾಲೆಯಲ್ಲಿ ಜೊತೆಗಿದ್ದ ಟೀಚರುಗಳು, ಎಲ್ಲರ ಬಾಯಲ್ಲೂ ಅದೇ. ಕೆಲವರು ಬಾಯಿ ಬಿಟ್ಟು ಅನ್ನುತ್ತಿರಲಿಲ್ಲ, ಕಣ್ಣಲ್ಲೇ ಅನ್ನುತ್ತಿದ್ದರು.

ಆಗ ಅವಳು ಆ ಸಿನಿಮಾ ಹಿಡಿದುಕೊಂಡಳು.

ನಮ್ಮೂರಿನ ಬಂಡೆಗಳ ಮೇಲೆ ಬಂದು ಚಿತ್ರ ತೆಗೆದವರು ಬಹಳ ಜನ. ಹೆಸರಾದವನ್ನು ಎಲ್ಲರೂ ಬಲ್ಲರು. ಇವಳು ಹಿಡಿದದ್ದು ಯಾರಿಗೂ ನೆನಪಿಲ್ಲದ ಒಂದನ್ನು. ರಾಜರ ಕಾಲದ ಕಥೆ, ಓಡದ ಚಿತ್ರ. ಅದರಲ್ಲಿ ಕೋಟೆಯ ಬಾಗಿಲಿಗೆ ಒಬ್ಬ ಕಾವಲುಗಾರನಿದ್ದಾನೆ. ಅವನಿಗೆ ಹೆಸರಿಲ್ಲ, ಒಂದು ಮಾತೂ ಇಲ್ಲ. ತಲೆಗೆ ಕಬ್ಬಿಣದ ಶಿರಸ್ತ್ರಾಣ, ಅದರ ತುದಿಗೆ ಚೂಪು ಮೊನೆ, ಕುಚ್ಚು, ಕೆನ್ನೆಯ ಮೇಲೆ ಇಳಿಬಿದ್ದ ಎರಡು ಪಟ್ಟಿ, ಮೂಗಿನ ಮೇಲೊಂದು ಪಟ್ಟಿ, ಕೊರಳಿಗೆ ಉಂಗುರಗಳ ಜಾಲರಿ, ಕೈಯಲ್ಲಿ ಈಟಿ. ಮುಖ ಕಾಣಿಸುವುದೇ ಇಲ್ಲ. ರಾಜ ಓಡಿಹೋಗುತ್ತಾನೆ, ಸೇನಾಪತಿ ಓಡಿಹೋಗುತ್ತಾನೆ, ಇವನು ನಿಂತೇ ಇರುತ್ತಾನೆ. ಅವನು ಸತ್ತನೋ ಬದುಕಿದನೋ ಎಂದು ತೋರಿಸುವಷ್ಟೂ ವ್ಯವಧಾನ ಆ ಚಿತ್ರಕ್ಕಿಲ್ಲ.

ಬೆಂಗಳೂರಿನಲ್ಲಿ ವರ್ಷಕ್ಕೊಂದು ಸಲ ಸಿನಿಮಾ ವೇಷ ಕಟ್ಟುವವರ ಮೇಳ ನಡೆಯುತ್ತದೆ. ತಾವೇ ಹೊಲಿದು, ಕೊರೆದು, ಅಂಟಿಸಿ ಮಾಡಿದ ಉಡುಪು ತೊಟ್ಟು ವೇದಿಕೆಯ ಮೇಲೆ ನಡೆದುಹೋಗಬೇಕು. ತೆರೆಯ ಮೇಲೆ ಹೇಗಿತ್ತೋ ಹಾಗೇ, ಒಂದು ಮೊಳೆಯೂ ಆಚೀಚೆ ಆಗದಂತೆ ಮಾಡುವವರದೇ ಅಲ್ಲೊಂದು ಗುಂಪು. ತಂಗಿ ಆ ಗುಂಪಿಗೆ ಹೆಸರು ಕೊಟ್ಟಳು.

"ಹೀರೋಯಿನ್ ವೇಷ ಹಾಕ್ಬಾರ್ದಾ? ಹೋಗಿ ಹೋಗಿ ಬಾಗಿಲು ಕಾಯೋನ್ದು ಯಾಕೆ?" ಎಂದು ಕೇಳಿದೆ.

"ಇದ್ರೊಳಗಿದ್ರೆ ಯಾರೂ ಅಯ್ಯೋ ಪಾಪ ಅನ್ನಲ್ಲ ಕಣಣ್ಣ," ಅಂದಳು. "ಒಂದ್ಸಲ. ಒಂದೇ ಒಂದ್ಸಲ ಅಷ್ಟು ಜನದ ಮುಂದೆ ನಿಂತ್ಕಂಡು, ಯಾರಿವ್ನು ಅಂತ ಅವ್ರು ನೋಡ್ಬೇಕು. ಅಷ್ಟೇ."

ಈ ಮಾತಿನಲ್ಲಿ ನನಗೆ ಅನುಮಾನವಿಲ್ಲ. ಅವ್ವನೂ ಕೇಳಿಸಿಕೊಂಡಿದ್ದಾಳೆ.

ಮೊದಲು ಶಿರಸ್ತ್ರಾಣವನ್ನು ಫೋಮ್ ಶೀಟಿನಲ್ಲಿ ಮಾಡಿದಳು. ಕತ್ತರಿಸಿ, ಬಿಸಿ ಗಾಳಿ ಬಿಟ್ಟು ಬಗ್ಗಿಸಿ, ಅಂಟಿಸಿದಳು. ಅದು ಕುಂಬಳಕಾಯಿಯ ಹಾಗೆ ಹೋಳು ಹೋಳಾಗಿ ಕಂಡಿತು. "ಏನವ್ವ ಇದು, ತಲೆಗೆ ಸಾಂಬಾರ್ ಪಾತ್ರೆ ಕವುಚ್ಕಂಡು ಕುಂತಿದ್ದೀಯಾ?" ಎಂದು ಅವ್ವ ನಕ್ಕಳು. ಮೂರು ಸಲ ಮಾಡಿ ಮೂರು ಸಲವೂ ಕಿತ್ತೆಸೆದ ಮೇಲೆ ತಂಗಿಗೆ ಚಾಚಾನ ನೆನಪಾಯಿತು.

ಚಾಚಾ ಚನ್ನಪಟ್ಟಣದಲ್ಲಿ ಮರದ ಬೊಂಬೆ ಕಡೆಯುವವರು. ಅವಳ ಶಾಲೆಗೆ ಮಣಿ, ಬುಗುರಿ, ಗಿಲಕಿ ಮಾಡಿಕೊಡುತ್ತಿದ್ದರು. ವಯಸ್ಸು ಅರವತ್ತು ದಾಟಿದೆ. ಮರ ತಿರುಗಿಸಿ ಕಡೆಯುವ ಅವರ ಲೇತ್ ಇರುವುದು ಮನೆಯ ಮುಂಗೋಣೆಯಲ್ಲೇ. ತಂಗಿ ಫೋನಿನಲ್ಲಿ ನಿಲ್ಲಿಸಿದ ಚಿತ್ರ ತೋರಿಸಿದಾಗ ಅವರು ಕನ್ನಡಕ ಹಣೆಗೇರಿಸಿ ನೋಡಿ, "ಇದು ಟೋಪಿನಾ, ಗುಂಬಜ್ ಏನಮ್ಮಾ?" ಅಂದರು.

"ಟೋಪಿನೇ ಚಾಚಾ. ಒಳಗೆ ಟೊಳ್ಳು ಬೇಕು. ಹಗುರ ಇರ್ಬೇಕು."

"ಆಲೆ ಮರದಲ್ಲಿ ಆಗ್ತದೆ, ಬೊಂಬೆ ಮಾಡೋ ಮರ, ಹಗುರ. ತಲೆ ಒಸಿ ಕೊಡು, ಅಳತೆ ತಗೋತೀನಿ." ಸ್ಕಾರ್ಫ್ ತೆಗೆದಾಗ ಅವರು ಬೋಳು ತಲೆಯನ್ನು ನೋಡಿದರು. ದಾರ ಸುತ್ತಿ ಅಳತೆ ತೆಗೆದುಕೊಂಡು, "ಒಳ್ಳೆ ದುಂಡು ತಲೆ ಬೇಟಿ, ಲೇತ್ ಮೇಲೆ ಕಡೆದಂಗೆ ಐತೆ," ಅಂದರು. ತಂಗಿ ವಾಪಸ್ ಬರುವಾಗ ಬಸ್ಸಿನಲ್ಲಿ ಅದನ್ನೇ ಹೇಳಿಕೊಂಡು ನಗುತ್ತಿದ್ದಳು.

ಒಂದು ವಿಷಯಕ್ಕೆ ಮಾತ್ರ ಚಾಚಾ ಒಪ್ಪಲಿಲ್ಲ. ಅವರ ಓಣಿಯಲ್ಲಿ ಲೇತಿಗೆ ಏರಿಸಿದ ಮರವನ್ನು ಬಣ್ಣ ಕಾಣಿಸದೆ ಇಳಿಸುವುದಿಲ್ಲ. ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಆ ಬಿಸಿಗೆ ಅರಗು ಕರಗಿ ಮರಕ್ಕೆ ಕೂರುತ್ತದೆ. ಮೇಲೆ ಒಣಗಿದ ಕೇದಗೆ ಗರಿ ಹಿಡಿದು ಉಜ್ಜಿದರೆ ಮುಖ ಕಾಣುವಷ್ಟು ಹೊಳಪು. ಹೊಳಪಿಲ್ಲದ್ದು ಮನೆಯಿಂದ ಹೊರಗೆ ಹೋದರೆ ಅದು ಒಡಕಿನ ಮಾಲು, ಒಲೆಗೆ ಹಾಕುವ ಮಾಲು ಎಂದು ಲೆಕ್ಕ. ತಂಗಿಗೆ ಬೇಕಾದದ್ದು ಬರೀ ಮರ. ಬಹಳ ಹೊತ್ತು ವಾದ ಮಾಡಿ ಗೆದ್ದಳು. "ಬಣ್ಣ ಇಲ್ಲದೆ ಕೊಡ್ತಿರೋದು ಇದೇ ಮೊದ್ಲು. ಯಾರಿಗೂ ನನ್ ಹೆಸರು ಹೇಳ್ಬೇಡ," ಎಂದು ಮುಖ ಆಚೆ ತಿರುಗಿಸಿ ಕೊಟ್ಟರು.

ಆಮೇಲೆ ನಮ್ಮ ಮಹಡಿಯ ಮೇಲೆ ನಡೆದದ್ದಕ್ಕೆ ಕನ್ನಡದಲ್ಲಿ ಒಂದು ಪದ ಇದೆಯೋ ಇಲ್ಲವೋ. ನಾವು 'ಹಳತು ಮಾಡೋದು' ಅನ್ನುತ್ತಿದ್ದೆವು. ಮರಕ್ಕೆ ಕಬ್ಬಿಣದ ಬಣ್ಣ ಬಳಿದಳು. ಅದರ ಮೇಲೆ ತುಕ್ಕು: ಇಟ್ಟಿಗೆ ಪುಡಿ, ಕಂದು ಬಣ್ಣ, ಟೀ ಡಿಕಾಕ್ಷನ್ನು. ಬೀಗದ ಕೈಗೊಂಚಲಿನಿಂದ ಬಡಿದು ಏಟಿನ ಗುರುತು ಮಾಡಿದಳು. ನಾನು ಒಂದೆರಡು ಏಟು ಹಾಕಲು ಹೋದರೆ ಕೈ ಹಿಡಿದಳು.

"ಸುಮ್ನೆ ಎಲ್ಲೆಲ್ಲೋ ಹೊಡೀಬೇಡ. ಏಟು ಮುಂದ್ಗಡೆಯಿಂದ ಬಂದಿರ್ಬೇಕು, ಅವ್ನು ಓಡೋದೋನಲ್ಲ. ಹಿಂದ್ಗಡೆ ಬರೀ ಸವೆದಿರ್ಬೇಕು, ಗೋಡೆಗೆ ಒರಗಿ ಒರಗಿ."

"ಸಿನಿಮಾದವ್ರು ಇಷ್ಟೆಲ್ಲ ಯೋಚ್ನೆ ಮಾಡಿರ್ತಾರಾ?"

"ಅವ್ರು ಮಾಡಿಲ್ದೆ ಇರ್ಬೋದು ಪ್ರೊಫೆಸರ್ರೇ. ಆದ್ರೆ ಅಲ್ಲಿ ಹಂಗೇ ಐತೆ. ಬೇಕಾದ್ರೆ ನಿಲ್ಸಿ ನೋಡು."

ನಿಲ್ಲಿಸಿ ನೋಡಿದೆವು. ಒಂದು ದೃಶ್ಯವನ್ನು ಎಷ್ಟು ಸಲ ನೋಡಿದೆವೋ ದೇವರಿಗೇ ಗೊತ್ತು. ಬಲಗೆನ್ನೆಯ ಪಟ್ಟಿ ಒಂದು ಕಡೆ ತಂತಿಯಲ್ಲಿ ಕಟ್ಟಿದ್ದಾರೆ, ಶೂಟಿಂಗಿನಲ್ಲಿ ಕಿತ್ತುಬಂದಿರಬೇಕು. ಇವಳೂ ತಂತಿಯಲ್ಲೇ ಕಟ್ಟಿದಳು. ಕೊರಳ ಜಾಲರಿಯ ಹತ್ತಿರಕ್ಕೆ ಚಿತ್ರವನ್ನು ಹಿಗ್ಗಿಸಿದಾಗ, ಸುಮ್ಮನೆ ಪಕ್ಕದಲ್ಲಿ ಕೂತಿದ್ದ ಅವ್ವ ಇದ್ದಕ್ಕಿದ್ದಂತೆ, "ಅಯ್ಯೋ ಇದು ಕಬ್ಣ ಅಲ್ಲ ಕಣ್ರೋ, ಕ್ರೋಶಾ!" ಎಂದು ಕೂಗಿದಳು. ನಿಜ. ದಾರದಲ್ಲಿ ಹೆಣೆದು ಬೆಳ್ಳಿ ಬಣ್ಣ ಬಳಿದಿದ್ದರು. ಆ ವಾರದಿಂದ ಅವ್ವ ಸೆಣಬಿನ ದಾರ ಹಿಡಿದು ಜಾಲರಿ ಹೆಣೆಯತೊಡಗಿದಳು. ಸಿನಿಮಾದವರ ಸುಳ್ಳನ್ನು ನಾವು ಮೂವರೂ ಕೂತು ಇಷ್ಟು ನಿಷ್ಠೆಯಿಂದ ನಕಲು ಮಾಡುತ್ತಿದ್ದೇವಲ್ಲ ಎಂದು ನನಗೆ ನಗು ಬರುತ್ತಿತ್ತು.

ಶಿರಸ್ತ್ರಾಣದ ಮೇಲಿನ ಕುಚ್ಚಿಗೆ ಹಿಂದಿನ ಬೀದಿಯಲ್ಲಿ ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಯೂನಿಟ್ಟಿನಿಂದ ರೇಷ್ಮೆ ವೇಸ್ಟ್ ತಂದೆ. ಗೂಡು ಬೇಯಿಸಿದ ವಾಸನೆ ಅದಕ್ಕೆ ಅಂಟಿಕೊಂಡೇ ಬಂತು. ಔಷಧಿಯಿಂದ ಒಗ್ಗರಣೆ ವಾಸನೆಗೂ ವಾಂತಿ ಮಾಡಿಕೊಳ್ಳುತ್ತಿದ್ದವಳು ಅದನ್ನು ಮೂಗಿನ ಹತ್ತಿರವೇ ಇಟ್ಟುಕೊಂಡು ಹಿಂಜಿದಳು. ಚಿಕ್ಕಂದಿನಿಂದ ಉಸಿರಾಡಿದ ವಾಸನೆ ಅದು, ಮೈಗೆ ಬೇಡ ಅನ್ನಿಸಲಿಲ್ಲವೇನೋ.

ಶಿವರಾತ್ರಿಗೆ ಸ್ವಲ್ಪ ಮುಂಚೆ ಆಸ್ಪತ್ರೆಗೆ ಹೋದಾಗ ವೈದ್ಯರು ನನ್ನನ್ನೂ ಅವ್ವನನ್ನೂ ಹೊರಗೆ ಕರೆದರು. ತಂಗಿ ಒಳಗೆ ಮಂಚದ ಮೇಲಿದ್ದಳು. ಔಷಧಿ ಕೆಲಸ ಮಾಡುತ್ತಿಲ್ಲ ಎಂದರು. ಮನೆಯಲ್ಲಿ ಆದಷ್ಟು ಚೆನ್ನಾಗಿ ನೋಡಿಕೊಳ್ಳಿ ಎಂದರು. ಅವರು ಬಳಸಿದ ಮಾತು ನನಗೆ ಹಾಗೇ ನೆನಪಿಲ್ಲ. ಅರ್ಥ ಮಾತ್ರ ನೆನಪಿದೆ. ಅವ್ವ ಕಾರಿಡಾರಿನಲ್ಲೇ ನನ್ನ ತೋಳು ಹಿಡಿದು, "ಮಗಕ್ಕೆ ಹೇಳ್ಬ್ಯಾಡ. ಆ ಮೇಳ ಒಂದು ಮುಗೀಲಿ. ಅದೊಂದು ಆಸೆ ಮ್ಯಾಲೆ ಎದ್ದು ಓಡಾಡ್ತಾವ್ಳೆ," ಅಂದಳು. ನಾನು ಆಗಲಿ ಎಂದೆ. ಒಳಗೆ ಹೋದಾಗ ತಂಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. "ಏನಂದ್ರು?" ಎಂದು ಕೇಳಿದಳು. "ಊಟ ಚೆನ್ನಾಗಿ ಮಾಡ್ಬೇಕಂತೆ," ಅಂದಳು ಅವ್ವ. "ಹಂಗಾದ್ರೆ ದಾರೀಲಿ ದೋಸೆ ಕೊಡ್ಸು," ಅಂದಳು.

ಅವತ್ತಿನಿಂದ ಮನೆಯಲ್ಲಿ ಮೇಳದ ಮಾತು ಬಿಟ್ಟು ಬೇರೆ ಮಾತಿಲ್ಲ. ಯಾವ ಬಸ್ಸಿಗೆ ಹೋಗುವುದು, ಬಸ್ಸು ಬೇಡ ಕಾರೇ ಮಾಡೋಣ, ಈಟಿಯನ್ನು ಎರಡು ತುಂಡು ಮಾಡಿ ಮತ್ತೆ ಜೋಡಿಸುವುದು ಹೇಗೆ, ವೇದಿಕೆಗೆ ಮೆಟ್ಟಿಲಿದ್ದರೆ ಯಾರು ಕೈ ಹಿಡಿಯುವುದು. ಅವ್ವ ತನಗೂ ಒಂದು ಹೊಸ ಸೀರೆ ತೆಗೆದಿಟ್ಟುಕೊಂಡಳು. ತಂಗಿ ಎಲ್ಲದಕ್ಕೂ ಉತ್ತರ ಕೊಡುತ್ತಿದ್ದಳು. "ನೀನು ಮುಂದ್ಗಡೆ ಕೂತ್ಕಬೇಡ ಅವ್ವ, ನನ್ ನೋಡಿ ಅಳ್ತೀಯ. ಕಾವಲುಗಾರನ್ಗೆ ಅವ್ವ ಇರ್ಬಾರ್ದು," ಅನ್ನುತ್ತಿದ್ದಳು.

ಶಿವರಾತ್ರಿ ಕಳೆದ ಮೇಲಿನ ಒಂದು ಭಾನುವಾರ ಅವಳಿಗೆ ಬೆಟ್ಟದ ಮಣ್ಣು ಬೇಕಾಯಿತು. ಆ ಕಾವಲುಗಾರನ ಕಾಲಿನ ಪಟ್ಟಿಗಳಿಗೂ ಶಿರಸ್ತ್ರಾಣಕ್ಕೂ ಮೆತ್ತಿದ ಧೂಳು ಕೆಂಪೋ ಬೂದಿಯೋ ಎಂದು ಮೇಳದ ಗುಂಪಿನಲ್ಲಿ ಇಬ್ಬರಿಗೆ ಜಗಳ ನಡೆದಿತ್ತಂತೆ. "ಅವ್ರು ಫೋನಲ್ಲಿ ಜಗಳ ಆಡ್ಲಿ. ನಮ್ಗೆ ಬೆಟ್ಟನೇ ಐತಲ್ಲ," ಅಂದಳು. ಸ್ಕೂಟರಿನಲ್ಲಿ ಹೋದೆವು. ಬಂಡೆಯ ಬುಡದವರೆಗೆ ನಿಧಾನಕ್ಕೆ ನಡೆದಳು; ಕೊನೆಯ ಏರು ಆಗಲಿಲ್ಲ, ಬೆನ್ನ ಮೇಲೆ ಹೊತ್ತುಕೊಂಡೆ. ಅವಳ ತೂಕ ನನಗೆ ಹೇಳಬೇಕಾದದ್ದನ್ನೆಲ್ಲ ಹೇಳಿತು. ಅವಳು ಮಾತ್ರ ಕಿವಿಯ ಹತ್ತಿರ, "ಹೈ, ಹೈ! ಕುದುರೆಗೆ ಉಸ್ರು ಕಟ್ತಾ ಐತೆ," ಎಂದು ಗೇಲಿ ಮಾಡುತ್ತಿದ್ದಳು. ಎರಡು ಡಬ್ಬಿಯಲ್ಲಿ ಮಣ್ಣು ತುಂಬಿಕೊಂಡಳು. ಫೋನಿನ ಚಿತ್ರದ ಪಕ್ಕ ಹಿಡಿದು ನೋಡಿದಳು. ಕೆಂಪೂ ಅಲ್ಲ, ಬೂದಿಯೂ ಅಲ್ಲ. "ಇಬ್ರೂ ಸೋತ್ರು," ಎಂದು ಖುಷಿಪಟ್ಟಳು. ಅಷ್ಟು ಖುಷಿಯಾಗಿ ಅವಳನ್ನು ಮತ್ತೆ ನೋಡಿದೆನೇ? ನೆನಪು ಒಂದು ದಿನವನ್ನು ಎತ್ತಿ ಹಿಡಿಯಬೇಕೆಂದರೆ ಉಳಿದ ದಿನಗಳ ಬೆಳಕು ಕಿತ್ತು ಅದಕ್ಕೆ ಹಾಕುತ್ತದೆ ಎಂದು ಗೊತ್ತಿದ್ದೂ ಹೇಳುತ್ತೇನೆ: ಅವತ್ತು ಅವಳು ಖುಷಿಯಾಗಿದ್ದಳು.

ಆ ಮಣ್ಣು ಮೆತ್ತಿದ ಮೇಲೆ ಶಿರಸ್ತ್ರಾಣ ಮುಗಿಯಿತು. ಕೈಗೆ ತೆಗೆದುಕೊಂಡರೆ ಹಗುರ. ಕಣ್ಣಿಗೆ ಮಾತ್ರ ಕಬ್ಬಿಣ. ಹಣೆಯ ಹತ್ತಿರ ಬೆವರಿನ ಕರೆ, ಹಿಂದೆ ಗೋಡೆಗೆ ಒರಗಿ ಸವೆದ ಹೊಳಪು. ಆಮೇಲೊಂದು ದಿನ ಮೇಲಿನ ಚೂಪು ಮೊನೆ ಸಡಿಲವಾಗಿ ಅಲ್ಲಾಡತೊಡಗಿತು. ಅಂಟು ಹಿಡಿಯಲಿಲ್ಲ. ಚಾಚಾನೇ ಕೂರಿಸಬೇಕು. ರಂಜಾನ್ ನಡೆಯುತ್ತಿತ್ತು. ನಾನು ಚನ್ನಪಟ್ಟಣಕ್ಕೆ ಹೋದಾಗ ಅವರು ನಮಾಜಿಗೆ ಹೋಗಿದ್ದರು. ಮೊನೆ ಸಡಿಲವಾಗಿದೆ ಎಂದು ಅವರ ಸೊಸೆಯ ಹತ್ತಿರ ಹೇಳಿ, ಕೊಟ್ಟು ಬಂದೆ.

ಹಬ್ಬದ ಹಿಂದಿನ ದಿನ ಫೋನ್ ಬಂತು. ಹೋದೆ. ಹೊಸ ಬಟ್ಟೆಯ ತುಂಡಿನಲ್ಲಿ ಸುತ್ತಿ, ಮೇಲೆ ಪೇಪರ್ ಸುತ್ತಿ, ದಾರ ಕಟ್ಟಿಟ್ಟಿದ್ದರು. ಚಾಚಾನ ಮುಖದಲ್ಲಿ ಉಪವಾಸದ ಆಯಾಸ, ಅದರ ಮೇಲೊಂದು ಸಂತೋಷ. "ಇಲ್ಲಿ ಬಿಚ್ಬೇಡಿ ಸಾರ್. ಬೇಟಿ ಮುಂದೆ ಬಿಚ್ಬೇಕು," ಅಂದರು.

ಬೇಟಿಯ ಮುಂದೆ ಬಿಚ್ಚಿದೆವು.

ಒಳಗಿದ್ದದ್ದು ಕಪ್ಪಗೆ ಮಿಂಚುವ, ಕನ್ನಡಿಯಂಥ ಗುಮ್ಮಟ. ತುಕ್ಕಿಲ್ಲ, ಏಟಿಲ್ಲ, ಬೆವರಿಲ್ಲ, ಬೆಟ್ಟದ ಮಣ್ಣಿಲ್ಲ. ಎಲ್ಲ ಕೆರೆದು ತೆಗೆದು ಹೊಸದಾಗಿ ಅರಗು ಹಾಕಿದ್ದರು. ಹಣೆಯ ಮಟ್ಟದಲ್ಲಿ ಸುತ್ತ ಒಂದು ಹಳದಿ ಗೆರೆ, ಅದರ ಮೇಲೆ ತೆಳ್ಳಗೆ ಒಂದು ಕೆಂಪು ಗೆರೆ, ಬುಗುರಿಗೆ ಹಾಕುವ ಹಾಗೆ. ಕೆನ್ನೆಯ ಪಟ್ಟಿಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ತುಕ್ಕು ತಂತಿ ತೆಗೆದು, ಬಿಳಿ ದಾರದಲ್ಲಿ ನೀಟಾಗಿ ಹೊಲಿದಿದ್ದರು. ಕುಚ್ಚು ತೊಳೆದು ಬಾಚಿದ್ದರು. ಅದರಿಂದ ಸೋಪಿನ ವಾಸನೆ ಬರುತ್ತಿತ್ತು.

ಅವರ ಮನಸ್ಸಿನಲ್ಲಿ ಏನು ನಡೆದಿತ್ತೆಂದು ಆಮೇಲೆ ಅವರೇ ಹೇಳಿದರು. ಬಣ್ಣ ಹಾಕದೆ ಕೊಟ್ಟ ಮರ, ಕೊಳೆಯನ್ನೆಲ್ಲ ಕುಡಿದು ಹೀಗಾಗಿದೆ. ಮೈ ಸರಿಯಿಲ್ಲದ ಹೆಣ್ಣುಮಗು, ಒರೆಸಿ ಇಟ್ಟುಕೊಳ್ಳಲೂ ಆಗಿಲ್ಲ. ತಪ್ಪು ತನ್ನದೇ, ಮೊದಲೇ ಅರಗು ಹಾಕಬೇಕಿತ್ತು. ಹಬ್ಬದ ಹೊತ್ತಿಗೆ ತನ್ನ ಲೇತಿನಿಂದ ಅಂಥದ್ದು ಮತ್ತೆ ಇಳಿಯಬಾರದು. ಎರಡು ದಿನ ಉಪವಾಸದಲ್ಲಿ ಕೂತು ಮಾಡಿದ್ದರು. ಬೇರೆ ಯಾವ ಊರಿನ ಬಡಗಿಯಾಗಿದ್ದರೂ ಮೊನೆ ಕೂರಿಸಿ ಸುಮ್ಮನೆ ಕಳಿಸುತ್ತಿದ್ದ.

ನನ್ನ ನೆನಪಿನ ನಗು, ಅವ್ವನ ನೆನಪಿನ ಅಳು ಎರಡೂ ಇಲ್ಲಿ ಬರುತ್ತವೆ. ಇಬ್ಬರೂ ಒಪ್ಪುವುದು ಇಷ್ಟು: ಸ್ವಲ್ಪ ಹೊತ್ತಿನ ಮೇಲೆ ಅವಳು ಚಾಚಾಗೆ ಫೋನ್ ಮಾಡಿದಳು. "ತುಂಬಾ ಚೆನ್ನಾಗೈತೆ ಚಾಚಾ. ಮುಖ ಕಾಣ್ತೈತೆ ಇದ್ರಲ್ಲಿ. ಈದ್ ಮುಬಾರಕ್," ಅಂದಳು.

ಮೇಳಕ್ಕೆ ಇನ್ನೂ ದಿನಗಳಿದ್ದವು. "ಇವತ್ತೇ ಶುರು ಮಾಡಣ. ಇಟ್ಟಿಗೆ ಪುಡಿ ಐತೆ, ಇನ್ನೊಂದು ಡಬ್ಬಿ ಮಣ್ಣೂ ಐತೆ," ಎಂದೆ. "ಚಾಚಾ ಹಬ್ಬ ಮುಗಿಸ್ಕಂಡು ನೋಡೋಕೆ ಬತ್ತಾರಂತೆ. ಅವ್ರು ನೋಡ್ಕಂಡು ಹೋಗ್ಲಿ, ಆಮೇಲೆ," ಅಂದಳು. ಮರುದಿನ ಕೇಳಿದರೆ ಸುಸ್ತು ಅಂದಳು. ಅದರ ಮರುದಿನ, "ನೋಡಾಣ," ಅಂದಳು. ಚಾಚಾಗೆ ಆಗ ಬರಲಾಗಲಿಲ್ಲ. ಆಮೇಲೆ ನಾನೂ ಕೇಳುವುದನ್ನು ಬಿಟ್ಟೆ.

ಒಂದು ಸಂಜೆ ಅವಳು ಪೂರ್ತಿ ವೇಷ ತೊಟ್ಟು ಮಹಡಿಯ ಮೇಲೆ ನಿಂತಳು. ಕಾಲಿನ ಪಟ್ಟಿ, ಸೊಂಟದ ಬೆಲ್ಟು, ಅವ್ವನ ಕ್ರೋಶಾ ಜಾಲರಿ, ಕೈಯಲ್ಲಿ ಈಟಿ. ಎದುರುಮನೆಯ ಅಕ್ಕ ತಮ್ಮ ಮಹಡಿಗೆ ಒಣಗಿದ ಬಟ್ಟೆ ತೆಗೆಯಲು ಬಂದವಳು ಬೆಚ್ಚಿ ನಿಂತಳು.

"ಯಾರದು? ಏಯ್, ಯಾರ್ಲಾ ಅದು ಮಾಡಿ ಮ್ಯಾಲೆ? ನಾಟಕದವ್ನಾ?"

ತಂಗಿ ಕದಲಲಿಲ್ಲ. ಈಟಿ ನೆಲಕ್ಕೆ ಊರಿಕೊಂಡು ನೆಟ್ಟಗೆ ನಿಂತಿದ್ದಳು. ಅಕ್ಕ ಇನ್ನೊಂದು ಸಲ ಕೂಗಿ, ಬಟ್ಟೆ ಬಾಚಿಕೊಂಡು ಕೆಳಕ್ಕೆ ಇಳಿದುಹೋದಳು. ಆಮೇಲೆ ಶಿರಸ್ತ್ರಾಣದೊಳಗಿಂದ ಧ್ವನಿ ಬಂತು: "ಕೇಳ್ಸ್ಕಂಡ್ಯಾ ಅಣ್ಣ? ಯಾರ್ಲಾ ಅಂದ್ಲು!"

ಆವತ್ತು ಅವಳ ತಲೆಯ ಮೇಲಿದ್ದದ್ದು ಹೊಳೆಯುವುದೋ ಹಳತಾದದ್ದೋ? ಈದ್ ಆದ ಮೇಲೆ ಎಂದು ನನ್ನ ನೆನಪು. ಇಳಿಬಿಸಿಲಲ್ಲಿ ಹಳದಿ ಗೆರೆ ಕಂಡ ಹಾಗಿದೆ. ಆದರೆ ಆ ಹೊತ್ತಿಗೆ ಅವಳಿಗೆ ಅಷ್ಟು ಹೊತ್ತು ನಿಲ್ಲುವ ಶಕ್ತಿ ಇತ್ತೇ? ಅವ್ವ ಆ ಸಂಜೆ ಮನೆಯಲ್ಲಿರಲಿಲ್ಲ, ಸಾತನೂರಿಗೆ ತನ್ನ ಅಕ್ಕನನ್ನು ನೋಡಲು ಹೋಗಿದ್ದಳು. ಎದುರುಮನೆಯ ಅಕ್ಕನನ್ನೇ ಮೊನ್ನೆ ಕೇಳಿದೆ. "ನಂಗೇನೂ ಗ್ಯಾಪ್ಕ ಇಲ್ಲ ಕಣಪ್ಪ. ಅಯ್ಯೋ ಪಾಪ, ಆ ಮಗ," ಅಂದಳು.

ಮೇಳದ ವಾರ ಅವಳು ಆಸ್ಪತ್ರೆಯಲ್ಲಿದ್ದಳು. ಮೇಳದ ದಿನ ಅವ್ವ ಕಿಟಕಿಯ ಕಡೆ ತಿರುಗಿ ಕೂತಿದ್ದಳು. "ಈಗ ನಡೀತಿರ್ತೈತೆ," ಎಂದು ತಂಗಿಯೇ ಅಂದಳು. "ಮುಂದಿನ ವರ್ಷ ಹೋಗಣ," ಎಂದೆ. "ಹೂಂ," ಅಂದಳು. ಮಳೆಗಾಲ ಶುರುವಾಗುವ ಮುಂಚೆ ಹೋಗಿಬಿಟ್ಟಳು.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಚಾಚಾ ಬಂದರು. ಒಬ್ಬರೇ ಬಂದಿದ್ದರು. ನಡುಮನೆಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಶಿರಸ್ತ್ರಾಣ ಇತ್ತು. ಅದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಅವಳ ಶಾಲೆಯ ಟೀಚರೊಬ್ಬರು ಅವರಿಗೆ ಎಲ್ಲ ಹೇಳಿದ್ದರಂತೆ: ಅದು ಕೊಳೆಯಾಗಿಯೇ ಇರಬೇಕಿತ್ತು, ಆ ಕೊಳೆಯೇ ಅವಳ ತಿಂಗಳುಗಳ ಕೆಲಸ.

"ನನ್ ಕೈಯಿಂದ ಆಯ್ತು ಸಾರ್. ನಾನು ಮುಟ್ದೇ ಇದ್ದಿದ್ರೆ ಬೇಟಿ ಹೋಗಿ ನಿಂತಿರೋಳು. ಒಂದ್ಸಲ ನಿಲ್ಬೇಕು ಅಂತ ಇತ್ತು ಮಗೂಗೆ. ನಾನ್ ಒರೆಸಿ ಹಾಕ್ದೆ."

ಹಾಗೇನಿಲ್ಲ ಎಂದೆ. ಸಮಾಧಾನಕ್ಕೆ ಆಡುವ ಮಾತೆಂದು ಅವರಿಗೂ ಗೊತ್ತಾಯಿತು. ಅವ್ವ ಕಾಫಿ ತಂದಿಟ್ಟಳು. ಅವರು ಹೋದ ಮೇಲೆ ಲೋಟ ತೊಳೆಯುತ್ತಾ ನನ್ನ ಕಡೆ ನೋಡದೆ ಅಂದಳು: "ಅವ್ರು ಹೇಳಿದ್ರಲ್ಲಿ ಏನು ಸುಳ್ಳೈತೆ? ಅವತ್ತು ಆ ಪೊಟ್ನ ಬಿಚ್ಚಿದ್ಮೇಲೇ ಮಗ ಕೈ ಚೆಲ್ಬುಡ್ತು. ಅಲ್ಲಿಗಂಟ ಹೆಂಗೋ ಓಡಾಡ್ತಿತ್ತು."

ಅದು ನನಗೂ ಸರಿ ಎನ್ನಿಸಿತು. ಸರಿ ಎನ್ನಿಸಿದ್ದಕ್ಕೇ ಭಯವಾಯಿತು. ಇಬ್ಬರು ಒಂದೇ ಕಥೆಯನ್ನು ಮತ್ತೆ ಮತ್ತೆ ಹೇಳಿಕೊಂಡರೆ ಅದು ನಡೆದದ್ದೇ ಆಗಿಬಿಡುತ್ತದೆ. ಆಮೇಲೆ ಅದನ್ನು ಅಲ್ಲಾಡಿಸಲು ಆಗುವುದಿಲ್ಲ. ಅವ್ವ ಚಾಚಾನನ್ನು ದೂರುತ್ತಾ, ಚಾಚಾ ತಮ್ಮನ್ನೇ ದೂರಿಕೊಳ್ಳುತ್ತಾ ಉಳಿದ ಆಯುಸ್ಸು ಕಳೆಯುತ್ತಾರೆ. ಅವರ ಸೊಸೆ ಫೋನ್ ಮಾಡಿ, ಮಾವ ಲೇತಿನ ಮುಂದೆ ಕೂರುತ್ತಿಲ್ಲ, ಕರೆಂಟು ಹೋಗಿದೆ ಎಂದು ಸುಳ್ಳು ಹೇಳಿ ಎದ್ದುಹೋಗುತ್ತಾರೆ ಎಂದಳು.

ಕೊನೆಗೆ ನಾನು ಮೇಳದವರ ನಂಬರು ಹುಡುಕಿ ಫೋನ್ ಮಾಡಿದೆ. ಏನು ಕೇಳಬೇಕೆಂದು ಸರಿಯಾಗಿ ಯೋಚಿಸಿರಲಿಲ್ಲ. ಕೊನೆಯವರೆಗೂ ಅವಳು ಬರುತ್ತೇನೆಂದೇ ಹೇಳಿದ್ದಳೇ, ಬೇರೇನಾದರೂ ಹೇಳಿದ್ದಳೇ, ಅಷ್ಟು ತಿಳಿದರೆ ಸಾಕಿತ್ತು. ಹೆಸರು ಬರೆದುಕೊಳ್ಳುತ್ತಿದ್ದ ಹುಡುಗಿಯೇ ಸಿಕ್ಕಳು. ತಂಗಿಯ ಹೆಸರು ಹೇಳಿದೊಡನೆ, "ಕಾವಲುಗಾರನ ವೇಷ ಅಲ್ವಾ ಸರ್? ಚೆನ್ನಾಗಿ ನೆನಪಿದೆ. ಬರೋಕಾಗಲ್ಲ ಅಂತ ಅವರೇ ಫೋನ್ ಮಾಡಿದ್ರು. ನನ್ನ ಜಾಗ ಬೇರೆ ಯಾರಿಗಾದ್ರೂ ಕೊಡಿ, ಕಾಯ್ತಾ ಇರೋರು ಇರ್ತಾರೆ ಅಂದ್ರು. ಮನೆಗೆ ಮಾತ್ರ ಫೋನ್ ಮಾಡಿ ಹೇಳ್ಬೇಡಿ, ಅವರಿಗೆ ಬೇಜಾರಾಗುತ್ತೆ ಅಂತ ಕೇಳ್ಕೊಂಡ್ರು," ಅಂದಳು.

"ಯಾವಾಗ?"

"ಮೇಳಕ್ಕೆ ತುಂಬಾ ಮುಂಚೆನೇ ಸರ್. ನನಗೆ ನೆನಪಿರೋ ಹಾಗೆ..."

"ನೆನಪು ಬೇಡ ಅಮ್ಮ," ಎಂದೆ. "ದಯವಿಟ್ಟು ನೋಡಿ ಹೇಳಿ."

ಅವಳು ಲೈನಿನಲ್ಲೇ ಇರಲು ಹೇಳಿ ನೋಡಿದಳು. ದಿನಾಂಕ ಹೇಳಿದಳು. ಇನ್ನೊಂದು ಸಲ ನೋಡಿ ಎಂದೆ. ಬೇಸರಿಸಿಕೊಳ್ಳದೆ ಮತ್ತೆ ನೋಡಿ, ಅದನ್ನೇ ಹೇಳಿದಳು. ನಾನು ಗೋಡೆಯ ಕ್ಯಾಲೆಂಡರ್ ತೆಗೆದು ತಿರುವಿದೆ. ಆಮೇಲೆ ಅವ್ವನನ್ನು ಒಳಗಿನಿಂದ ಕರೆದೆ, ಚಾಚಾಗೆ ಹೇಳಲು ಚನ್ನಪಟ್ಟಣಕ್ಕೆ ಹೋದೆ. ಅವರಿಬ್ಬರೂ ಅದನ್ನು ಹೇಗೆ ಕೇಳಿಸಿಕೊಂಡರು ಎಂದು ಬರೆಯುವುದಿಲ್ಲ. ಅದನ್ನೂ ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಪರೀಕ್ಷೆ ಮಾಡಿ ಖಚಿತಪಡಿಸಿಕೊಂಡದ್ದು ಒಂದೇ: ಅವಳು ತನ್ನ ಹೆಸರನ್ನು ಹಿಂದಕ್ಕೆ ತೆಗೆದುಕೊಂಡದ್ದು ಶಿವರಾತ್ರಿಯ ಮಾರನೆಯ ದಿನ, ಆಗ ನಾವು ಬೆಟ್ಟಕ್ಕೆ ಮಣ್ಣಿಗೆ ಹೋಗಿರಲಿಲ್ಲ, ರಂಜಾನ್ ಶುರುವಾಗಿರಲಿಲ್ಲ, ಶಿರಸ್ತ್ರಾಣ ಇನ್ನೂ ನಮ್ಮ ಮಹಡಿಯ ಮೇಲೇ ಇತ್ತು.